ನಾಸ್ಕಾರ್ ತನ್ನ ದಿಗ್ಗಜರನ್ನು ನೆನೆಯುವ ಬಗೆ: ಒಂದು ಅಧ್ಯಯನ ಟಿಪ್ಪಣಿ

ಅಮೆರಿಕದ ಕ್ರೀಡಾ ಇತಿಹಾಸ ಓದುವವರಿಗೆ ಬೇಸ್‌ಬಾಲ್ ಬಗ್ಗೆ ಪುಟಗಟ್ಟಲೆ ಸಿಗುತ್ತದೆ, ನಾಸ್ಕಾರ್ ಎಂಬ ಸಂಸ್ಥೆ ನಡೆಸುವ ಸ್ಟಾಕ್ ಕಾರ್ ರೇಸಿಂಗ್ ಬಗ್ಗೆ ಹೆಚ್ಚೇನೂ ಸಿಗುವುದಿಲ್ಲ. ಫಾರ್ಮುಲಾ ಒನ್ ನೋಡುವ ನಮ್ಮ ಗೆಳೆಯರಲ್ಲೂ ಹಲವರು ಇದನ್ನು ಎಡಕ್ಕೆ ತಿರುಗುತ್ತಲೇ ಇರುವ ಆಟ ಎಂದು ಪಕ್ಕಕ್ಕಿಡುತ್ತಾರೆ. ನಾನು ಓದಿ ಅರ್ಥಮಾಡಿಕೊಂಡ ಮಟ್ಟಿಗೆ, ಈ ಕ್ರೀಡೆಯ ಒಳಗನ್ನು ತಿಳಿಯಲು ಅಂಕಿಅಂಶಗಳಿಗಿಂತ ಒಳ್ಳೆಯ ದಾರಿ ಇನ್ನೊಂದಿದೆ: ಅದು ಯಾರನ್ನು ಗೌರವಿಸಿತು, ಯಾವಾಗ ಗೌರವಿಸಿತು, ಯಾರನ್ನು ಕಾಯಿಸಿತು ಎಂದು ನೋಡುವುದು.

ಕಳ್ಳಭಟ್ಟಿಯ ಹಾದಿ

ಸ್ಟಾಕ್ ಕಾರ್ ಎಂದರೆ ಮೂಲತಃ ಷೋರೂಮಿನಲ್ಲಿ ಮಾರಾಟಕ್ಕಿಟ್ಟ ಮಾಮೂಲಿ ಕಾರು. ಇಂದಿನ ಕಾರುಗಳು ರೇಸಿಗೆಂದೇ ಕಟ್ಟಿದವು. ಹೊರಮೈ ಮಾತ್ರ ಷೆವ್ರೊಲೆ, ಫೋರ್ಡ್, ಟೊಯೋಟಾ ಮಾದರಿಗಳನ್ನು ಹೋಲುತ್ತದೆ. ಮದ್ಯನಿಷೇಧ 1933ರಲ್ಲಿ ಮುಗಿದ ಮೇಲೂ ಅಮೆರಿಕದ ದಕ್ಷಿಣ ರಾಜ್ಯಗಳ ಗುಡ್ಡಗಾಡಿನಲ್ಲಿ ತೆರಿಗೆ ಕಟ್ಟದ ಕಳ್ಳಭಟ್ಟಿ ನಿಲ್ಲಲಿಲ್ಲ. ರಾತ್ರಿ ಸಾರಾಯಿ ಸಾಗಿಸುವ ಹುಡುಗರು ಪೊಲೀಸರ ಕೈಗೆ ಸಿಗದಂತೆ ಓಡಿಸಲು ಕಾರಿನ ಎಂಜಿನ್ ಮತ್ತು ಸ್ಪ್ರಿಂಗುಗಳನ್ನು ತಾವೇ ಬದಲಿಸಿಕೊಳ್ಳುತ್ತಿದ್ದರು. ಬಿಡುವಿನಲ್ಲಿ ಯಾರ ಕಾರು ಜೋರು ಎಂದು ತಮ್ಮತಮ್ಮಲ್ಲೇ ಪಂದ್ಯ ಕಟ್ಟುತ್ತಿದ್ದರು.

ಇಂಥ ಚದುರಿದ ಪಂದ್ಯಗಳಿಗೆ ಒಂದು ನಿಯಮ, ಒಂದು ಸಂಸ್ಥೆ ಬೇಕು ಎಂದು ಬಿಲ್ ಫ್ರಾನ್ಸ್ 1947ರ ಡಿಸೆಂಬರ್‌ನಲ್ಲಿ ಫ್ಲಾರಿಡಾದ ಡೇಟೋನಾ ಬೀಚ್‌ನ ಸ್ಟ್ರೀಮ್‌ಲೈನ್ ಹೋಟೆಲಿನಲ್ಲಿ ಸಭೆ ಕರೆದರು. 1948ರ ಫೆಬ್ರವರಿಯಲ್ಲಿ ನಾಸ್ಕಾರ್ ಅಧಿಕೃತವಾಗಿ ನೋಂದಾಯಿತವಾಯಿತು. 1949ರ ಜೂನ್ 19ರಂದು ಷಾರ್ಲೆಟ್‌ನ ಮಣ್ಣಿನ ಟ್ರ್ಯಾಕಿನಲ್ಲಿ ನಾಸ್ಕಾರ್‌ನ ಅತ್ಯುನ್ನತ ಹಂತವಾದ ಇಂದಿನ ಕಪ್ ಸರಣಿಯ ಮೊದಲ ರೇಸ್ ನಡೆಯಿತು. ಮೊದಲು ಗುರಿ ಮುಟ್ಟಿದವನು ಗ್ಲೆನ್ ಡನವೇ. ಆದರೆ ತಪಾಸಣೆಯಲ್ಲಿ ಅವನ ಫೋರ್ಡ್ ಕಾರಿನ ಹಿಂದಿನ ಸ್ಪ್ರಿಂಗುಗಳನ್ನು ತಿದ್ದಿರುವುದು ಕಂಡುಬಂತು. ಅದು ಸಾರಾಯಿ ಸಾಗಿಸುವ ಕಾರುಗಳಲ್ಲಿ ಮಾಡುತ್ತಿದ್ದ ತಿದ್ದುಪಡಿ. ಅವನನ್ನು ಅನರ್ಹಗೊಳಿಸಿ, ಲಿಂಕನ್ ಕಾರು ಓಡಿಸಿದ್ದ ಜಿಮ್ ರೋಪರ್‌ನನ್ನು ವಿಜೇತನೆಂದು ಸಾರಿದರು. ಕಳ್ಳಭಟ್ಟಿಯ ನಂಟನ್ನು ಬಿಡಿಸಿಕೊಳ್ಳುವ ಪ್ರಯತ್ನ ಮೊದಲ ದಿನವೇ ಶುರುವಾಗಿತ್ತು ಎಂಬುದನ್ನು ಇಲ್ಲಿ ಗುರುತುಹಾಕಿಕೊಳ್ಳಿ.

ಆ ನಂಟು ಮರ್ಯಾದೆಯಾಗಿ ಮಾರ್ಪಟ್ಟಿದ್ದಕ್ಕೆ ಜೂನಿಯರ್ ಜಾನ್ಸನ್ ಸಾಕ್ಷಿ. ನಾರ್ತ್ ಕ್ಯಾರೊಲೈನಾದ ವಿಲ್ಕ್ಸ್ ಕೌಂಟಿಯ ಈತ 1956ರಲ್ಲಿ ಅಪ್ಪನ ಭಟ್ಟಿಯ ಬಳಿ ಸಿಕ್ಕಿಬಿದ್ದು ಜೈಲು ಸೇರಿದರು. ರಸ್ತೆಯ ಮೇಲೆ ಅವರನ್ನು ಯಾರೂ ಹಿಡಿದಿರಲಿಲ್ಲ. ಚಾಲಕನಾಗಿ ಒಟ್ಟು 50 ರೇಸ್ ಗೆದ್ದರು, ಆಮೇಲೆ ತಂಡದ ಮಾಲೀಕರಾಗಿ ಆರು ಚಾಂಪಿಯನ್‌ಷಿಪ್ ಗಳಿಸಿದರು. ನಾಸ್ಕಾರ್‌ನ ಅತಿ ಪ್ರತಿಷ್ಠಿತ ರೇಸಾದ ಡೇಟೋನಾ 500ರಲ್ಲಿ, 1960ರಲ್ಲಿ, ಅವರ ಕಾರು ಉಳಿದವುಗಳಷ್ಟು ವೇಗದ್ದಲ್ಲ. ಆದರೆ ಮುಂದಿನ ಕಾರಿಗೆ ಅಂಟಿಕೊಂಡಂತೆ ಓಡಿಸಿದರೆ ಅದು ಗಾಳಿ ಸೀಳಿಕೊಟ್ಟು ತನ್ನ ಕಾರಿಗೂ ವೇಗ ಬರುತ್ತದೆ ಎಂದು ಅವರು ಕಂಡುಕೊಂಡರು, ರೇಸ್ ಗೆದ್ದರು. ಇಂದು ಡ್ರಾಫ್ಟಿಂಗ್ ಎಂದು ಕರೆಯುವ ತಂತ್ರ ಇದೇ. 1986ರಲ್ಲಿ ಅಧ್ಯಕ್ಷ ರೇಗನ್ ಅವರಿಗೆ ಕ್ಷಮಾದಾನ ಕೊಟ್ಟರು. 2010ರಲ್ಲಿ ಷಾರ್ಲೆಟ್‌ನಲ್ಲಿ ದಿಗ್ಗಜರನ್ನು ಗೌರವಿಸುವ ಸಂಗ್ರಹಾಲಯ, ನಾಸ್ಕಾರ್ ಹಾಲ್ ಆಫ್ ಫೇಮ್, ತೆರೆದಾಗ ಮೊದಲ ಐವರಲ್ಲಿ ಅವರೂ ಒಬ್ಬರು. ಅಲ್ಲಿ ಪ್ರದರ್ಶನಕ್ಕಿಟ್ಟ ಸಾರಾಯಿ ಭಟ್ಟಿಯನ್ನು ಜೋಡಿಸಲು ಸ್ವತಃ ಜಾನ್ಸನ್ ಕೈಹಾಕಿದ್ದರು.

ಹಿಮ ಬಿದ್ದ ಭಾನುವಾರ

ದಕ್ಷಿಣದ ಈ ಆಟವನ್ನು ಇಡೀ ದೇಶ ನೋಡಿದ್ದು 1979ರ ಫೆಬ್ರವರಿ 18ರಂದು. ಡೇಟೋನಾ 500 ರೇಸನ್ನು ಸಿಬಿಎಸ್ ವಾಹಿನಿ ಮೊದಲ ಬಾರಿಗೆ ಶುರುವಿನಿಂದ ಕೊನೆಯವರೆಗೆ ನೇರ ಪ್ರಸಾರ ಮಾಡಿತು. ಅದೇ ದಿನ ಪೂರ್ವ ಕರಾವಳಿಯಲ್ಲಿ ಭಾರಿ ಹಿಮಪಾತ. ಜನ ಮನೆಯಿಂದ ಹೊರಬೀಳುವಂತಿರಲಿಲ್ಲ. ಕೊನೆಯ ಲ್ಯಾಪಿನಲ್ಲಿ (ಸುತ್ತಿನಲ್ಲಿ) ಮುಂದಿದ್ದ ಡಾನಿ ಆಲಿಸನ್ ಮತ್ತು ಕೇಲ್ ಯಾರ್ಬರೊ ಪರಸ್ಪರ ಗುದ್ದಿಕೊಂಡು ಗೋಡೆಗೆ ಬಡಿದರು. ಅಣ್ಣ ಬಾಬಿ ಆಲಿಸನ್ ಕಾರು ನಿಲ್ಲಿಸಿ ಬಂದ ಮೇಲೆ ಹುಲ್ಲಿನ ಮೇಲೆ ಕೈಕೈ ಮಿಲಾಯಿಸಿದರು. ಹಿಂದಿದ್ದ ರಿಚರ್ಡ್ ಪೆಟ್ಟಿ ಗೆದ್ದರು. ಹೊಡೆದಾಟವೇ ಜನಪ್ರಿಯತೆ ತಂದಿತು ಎಂದು ಬರೆಯುವುದು ವಾಡಿಕೆ. ನನಗೆ ಅದು ಅರ್ಧ ಉತ್ತರ ಅನ್ನಿಸುತ್ತದೆ. ಹೊಡೆದಾಟ ನೋಡಿ ಕುತೂಹಲಗೊಂಡವರನ್ನು ವರ್ಷಗಟ್ಟಲೆ ಹಿಡಿದಿಟ್ಟದ್ದು ಪೆಟ್ಟಿಯಂಥವರು.

ಪೆಟ್ಟಿ 200 ರೇಸ್ ಗೆದ್ದರು, ಏಳು ಬಾರಿ ಚಾಂಪಿಯನ್ ಆದರು. 1967ರಲ್ಲಿ ಒಂದೇ ವರ್ಷ 27 ಗೆಲುವು, ಅದರಲ್ಲಿ ಸತತ ಹತ್ತು. 200ನೆಯದು 1984ರ ಜುಲೈ 4ರಂದು, ಅಧ್ಯಕ್ಷ ರೇಗನ್ ಎದುರಿನಲ್ಲಿ. ಇಷ್ಟಾದರೂ ಹಳಬರು ಅವರನ್ನು ನೆನೆಯುವಾಗ ಹೇಳುವುದು ಹಸ್ತಾಕ್ಷರದ ಮಾತು: ಕೇಳಿದವರಿಗೆಲ್ಲ ನಿಧಾನವಾಗಿ, ಓದಲು ಬರುವಂತೆ ಸಹಿ ಹಾಕಿಕೊಡುತ್ತಿದ್ದರು. ಅಭಿಮಾನಿಗೂ ಚಾಲಕನಿಗೂ ನಡುವೆ ಬೇಲಿ ಕಡಿಮೆ ಇದ್ದದ್ದು ಈ ಕ್ರೀಡೆಯ ದೊಡ್ಡ ಬಲ. ನಿಷ್ಠೆ ತಂಡಕ್ಕಲ್ಲ, ಮನುಷ್ಯನಿಗೆ ಮತ್ತು ಅವನ ಕಾರಿನ ಸಂಖ್ಯೆಗೆ. 43 ಎಂದರೆ ಪೆಟ್ಟಿ, 3 ಎಂದರೆ ಅರ್ನ್‌ಹಾರ್ಟ್.

ಮೂರನೆಯ ಸಂಖ್ಯೆ

ಡೇಲ್ ಅರ್ನ್‌ಹಾರ್ಟ್ ನಾರ್ತ್ ಕ್ಯಾರೊಲೈನಾದ ಕನ್ಯಾಪೊಲಿಸ್ ಎಂಬ ಬಟ್ಟೆ ಗಿರಣಿಯ ಊರಿನವರು, ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವರು. ಏಳು ಚಾಂಪಿಯನ್‌ಷಿಪ್, 76 ಗೆಲುವು. ಆದರೆ ಡೇಟೋನಾ 500 ಮಾತ್ರ ಕೈಗೆ ಬರುತ್ತಿರಲಿಲ್ಲ. ಇಪ್ಪತ್ತನೆಯ ಪ್ರಯತ್ನದಲ್ಲಿ, 1998ರಲ್ಲಿ, ಗೆದ್ದಾಗ ಎದುರಾಳಿ ತಂಡಗಳ ಸಿಬ್ಬಂದಿಯೆಲ್ಲ ಪಿಟ್ ರಸ್ತೆಗೆ (ರೇಸಿನ ನಡುವೆ ಕಾರು ನಿಲ್ಲಿಸಿ ಇಂಧನ, ಟೈರು ಹಾಕಿಸುವ ಜಾಗ) ಬಂದು ಸಾಲಾಗಿ ನಿಂತು ಅವರ ಕೈಕುಲುಕಿದರು. ಬದುಕಿದ್ದಾಗಲೇ, ಎದುರಾಳಿಗಳಿಂದಲೇ ಸಂದ ಈ ಗೌರವಕ್ಕಿಂತ ದೊಡ್ಡದು ನನಗೆ ಈ ಇತಿಹಾಸದಲ್ಲಿ ಕಂಡಿಲ್ಲ.

2001ರ ಫೆಬ್ರವರಿ 18ರಂದು ಅದೇ ಡೇಟೋನಾದ ಕೊನೆಯ ಲ್ಯಾಪಿನಲ್ಲಿ ಗೋಡೆಗೆ ಬಡಿದು ಅವರು ತೀರಿಕೊಂಡರು. ತಂಡದ ಮಾಲೀಕ ರಿಚರ್ಡ್ ಚಿಲ್ಡ್ರೆಸ್ 3ನ್ನು ಬದಿಗಿಟ್ಟು ಕಾರಿಗೆ 29 ಬರೆಸಿದರು. ಅದನ್ನು ಓಡಿಸಿದ ಹೊಸಬ ಕೆವಿನ್ ಹಾರ್ವಿಕ್ ಮೂರೇ ವಾರದಲ್ಲಿ ಅಟ್ಲಾಂಟಾದಲ್ಲಿ 0.006 ಸೆಕೆಂಡ್ ಅಂತರದಲ್ಲಿ ಗೆದ್ದು, ಕಿಟಕಿಯಿಂದ ಮೂರು ಬೆರಳು ಎತ್ತಿ ತೋರಿಸಿದರು. ಆ ವರ್ಷ ರೇಸುಗಳ ಮೂರನೇ ಲ್ಯಾಪಿನಲ್ಲಿ ವೀಕ್ಷಕ ವಿವರಣೆಕಾರರು ಮಾತು ನಿಲ್ಲಿಸುತ್ತಿದ್ದರು, ಪ್ರೇಕ್ಷಕರು ಮೂರು ಬೆರಳು ಎತ್ತಿ ನಿಲ್ಲುತ್ತಿದ್ದರು. ನಾಸ್ಕಾರ್‌ನಲ್ಲಿ ಸಂಖ್ಯೆಯನ್ನು ಶಾಶ್ವತವಾಗಿ ನಿವೃತ್ತಿಗೊಳಿಸುವ ಪದ್ಧತಿ ಇಲ್ಲ. 2014ರಲ್ಲಿ ಚಿಲ್ಡ್ರೆಸ್ ಮೊಮ್ಮಗ ಆಸ್ಟಿನ್ ಡಿಲನ್ ಕಪ್ ಸರಣಿಗೆ 3ನ್ನು ಮರಳಿ ತಂದರು, 2018ರಲ್ಲಿ ಡೇಟೋನಾ 500 ಗೆದ್ದರು.

ಇನ್ನೊಂದು ಬಗೆಯ ಸ್ಮರಣೆ ಪ್ರತಿಮೆಗಳಲ್ಲಿ ಕಾಣುವುದಿಲ್ಲ. ಅರ್ನ್‌ಹಾರ್ಟ್‌ಗಿಂತ ಮುಂಚಿನ ಒಂದು ವರ್ಷದೊಳಗೆ ಆಡಮ್ ಪೆಟ್ಟಿ, ಕೆನ್ನಿ ಅರ್ವಿನ್, ಟೋನಿ ರೋಪರ್ ಎಂಬ ಮೂವರು ಯುವ ಚಾಲಕರೂ ಸತ್ತಿದ್ದರು. ಹಠಾತ್ತನೆ ನಿಂತ ಕಾರಿನಲ್ಲಿ ಮೈ ಬೆಲ್ಟಿನಲ್ಲಿ ಉಳಿದು ತಲೆ ಮುಂದಕ್ಕೆ ಎಸೆಯಲ್ಪಡುತ್ತದೆ. ತಲೆಬುರುಡೆಯ ಬುಡ ಒಡೆಯುತ್ತದೆ. ಹೆಲ್ಮೆಟನ್ನು ಭುಜದ ಪಟ್ಟಿಗೆ ಬಿಗಿಯುವ ಹ್ಯಾನ್ಸ್ ಮಾದರಿಯ ಸಾಧನವನ್ನು 2001ರ ಅಕ್ಟೋಬರ್‌ನಲ್ಲಿ ಕಡ್ಡಾಯ ಮಾಡಿದರು. ಹೊಡೆತವನ್ನು ಹೀರಿಕೊಳ್ಳುವ ಸೇಫರ್ ಗೋಡೆಗಳು ಮುಂದಿನ ವರ್ಷದಿಂದ ಬಂದವು. ಅಲ್ಲಿಂದೀಚೆಗೆ ಕಪ್ ಸರಣಿಯ ರೇಸಿನಲ್ಲಿ ಯಾವ ಚಾಲಕನೂ ಪ್ರಾಣ ಕಳೆದುಕೊಂಡಿಲ್ಲ. ಆಡಮ್ ಹೆಸರಿನಲ್ಲಿ ಪೆಟ್ಟಿ ಕುಟುಂಬ ನಾರ್ತ್ ಕ್ಯಾರೊಲೈನಾದಲ್ಲಿ ಕಾಯಿಲೆಯ ಮಕ್ಕಳಿಗಾಗಿ ವಿಕ್ಟರಿ ಜಂಕ್ಷನ್ ಎಂಬ ಶಿಬಿರ ಕಟ್ಟಿತು. 2004ರಿಂದ ಅದು ನಡೆಯುತ್ತಿದೆ.

ಯಾರು ಒಳಗೆ, ಯಾರು ಹೊರಗೆ

ಹಾಲ್ ಆಫ್ ಫೇಮ್ ಮೊದಲ ತಂಡ: ಬಿಲ್ ಫ್ರಾನ್ಸ್, ಅವರ ಮಗ ಬಿಲ್ ಫ್ರಾನ್ಸ್ ಜೂನಿಯರ್, ಪೆಟ್ಟಿ, ಅರ್ನ್‌ಹಾರ್ಟ್, ಜೂನಿಯರ್ ಜಾನ್ಸನ್. 105 ಗೆಲುವಿನೊಂದಿಗೆ ಸಾರ್ವಕಾಲಿಕ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿರುವ ಡೇವಿಡ್ ಪಿಯರ್ಸನ್ ಇದರಲ್ಲಿ ಇಲ್ಲ! ಸಂಸ್ಥೆ ಕಟ್ಟಿದ ಅಪ್ಪ ಮಗ ಇಬ್ಬರೂ ಮೊದಲ ವರ್ಷವೇ ಬರಬೇಕಿತ್ತೇ ಎಂಬ ಪ್ರಶ್ನೆ ಆಗಲೇ ಎದ್ದಿತು. ಪಿಯರ್ಸನ್ 2011ರಲ್ಲಿ ಬಂದರು. ನನ್ನ ಅಭಿಪ್ರಾಯ ನೇರವಾಗಿ ಹೇಳುವುದಾದರೆ, ಪಿಯರ್ಸನ್ ಮೊದಲ ಐವರಲ್ಲೇ ಇರಬೇಕಿತ್ತು. ವರ್ಷಕ್ಕೆ ಐವರನ್ನು ಆರಿಸುವ ಕ್ರಮ 2020ರವರೆಗೆ ನಡೆಯಿತು. 2021ರಿಂದ ಮೂವರು ಮಾತ್ರ: ಆಧುನಿಕ ಕಾಲದಿಂದ ಇಬ್ಬರು, ಹಿಂದಿನ ಪೀಳಿಗೆಯಿಂದ ಒಬ್ಬರು. ಮತ ಹಾಕುವ ಮಂಡಳಿಯಲ್ಲಿ ಅಭಿಮಾನಿಗಳೆಲ್ಲರಿಗೂ ಸೇರಿ ಒಂದು ಮತ ಇದೆ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ವೆಂಡೆಲ್ ಸ್ಕಾಟ್ ಅವರ ವಿಷಯ. ವರ್ಜೀನಿಯಾದ ಡ್ಯಾನ್‌ವಿಲ್‌ನ ಈ ಕಪ್ಪು ಚಾಲಕ ಟ್ಯಾಕ್ಸಿ ಓಡಿಸಿದವರು, ಎರಡನೇ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದವರು, ಕಳ್ಳಭಟ್ಟಿ ಸಾಗಿಸಿದವರು. ದೊಡ್ಡ ಪ್ರಾಯೋಜಕರಿಲ್ಲದೆ, ಹಳೆಯ ಕಾರುಗಳನ್ನು ತಾವೇ ರಿಪೇರಿ ಮಾಡಿಕೊಂಡು ಮಕ್ಕಳ ನೆರವಿನಿಂದ 495 ರೇಸ್ ಓಡಿದರು. 1963ರ ಡಿಸೆಂಬರ್ 1ರಂದು ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಅವರು ಎಲ್ಲರಿಗಿಂತ ಮುಂದಿದ್ದರು. ಗೆಲುವಿನ ಬಾವುಟ ಬೀಸಿದ್ದು ಮಾತ್ರ ಇನ್ನೊಬ್ಬ ಚಾಲಕ ಬಕ್ ಬೇಕರ್‌ಗೆ. ಜನ ಚದುರಿದ ಎಷ್ಟೋ ಹೊತ್ತಿನ ಮೇಲೆ ಲ್ಯಾಪ್ ಲೆಕ್ಕ ತಪ್ಪಿದೆ, ಗೆದ್ದದ್ದು ಸ್ಕಾಟ್ ಎಂದು ಅಧಿಕಾರಿಗಳು ಒಪ್ಪಿದರು. ಅಷ್ಟರಲ್ಲಿ ಟ್ರೋಫಿ ಹೋಗಿಯಾಗಿತ್ತು. ವೇದಿಕೆಯ ಮೇಲೆ ಕಪ್ಪು ವಿಜೇತನೊಬ್ಬ ಟ್ರೋಫಿ ಕೊಡುವ ಬಿಳಿಯ ಸುಂದರಿಯ ಪಕ್ಕ ನಿಲ್ಲುವುದು ಅಧಿಕಾರಿಗಳಿಗೆ ಬೇಡವಾಗಿತ್ತು ಎಂದೇ ಸ್ಕಾಟ್ ನಂಬಿದ್ದರು. ಅದು ಅವರ ಏಕೈಕ ಗೆಲುವು. 1990ರಲ್ಲಿ ತೀರಿಕೊಂಡರು. ಹಾಲ್ ಆಫ್ ಫೇಮ್ ಗೌರವ 2015ರಲ್ಲಿ ಬಂತು. ಆ ಗೆಲುವಿನ ಟ್ರೋಫಿಯನ್ನು ನಾಸ್ಕಾರ್ ಕುಟುಂಬದ ಕೈಗಿತ್ತದ್ದು 2021ರ ಆಗಸ್ಟ್‌ನಲ್ಲಿ, 58ನೇ ವರ್ಷದಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಬ್ಬಾ ವಾಲೇಸ್ ಟ್ಯಾಲಡೀಗಾದಲ್ಲಿ ಗೆದ್ದರು, ಕಪ್ ಸರಣಿಯ ರೇಸ್ ಗೆದ್ದ ಎರಡನೇ ಕಪ್ಪು ಚಾಲಕ. ಗುಲಾಮಗಿರಿ ಉಳಿಸಿಕೊಳ್ಳಲು ಅಂತರ್ಯುದ್ಧ ಹೂಡಿದ ದಕ್ಷಿಣ ರಾಜ್ಯಗಳ ಕಾನ್ಫೆಡರೇಟ್ ಬಾವುಟವನ್ನು ರೇಸುಗಳಲ್ಲಿ ನಿಷೇಧಿಸಿದ್ದು ಅದರ ಹಿಂದಿನ ವರ್ಷ, 2020ರಲ್ಲಿ.

ಮಹಿಳೆಯರ ಬಗ್ಗೆ ಪ್ರತ್ಯೇಕವಾಗಿ ಓದಬೇಕು. ಸಾರಾ ಕ್ರಿಶ್ಚಿಯನ್ 1949ರ ಮೊದಲ ರೇಸಿನಲ್ಲೇ ಓಡಿಸಿದ್ದರು. ಎಂಜಿನಿಯರ್ ಆಗಿದ್ದ ಜಾನೆಟ್ ಗತ್ರಿ 1977ರಲ್ಲಿ ಡೇಟೋನಾ 500 ಓಡಿದ ಮೊದಲ ಮಹಿಳೆ. 2024ರಲ್ಲಿ ಅವರಿಗೆ ಸಂದದ್ದು ಕ್ರೀಡೆಗೆ ಕೊಡುಗೆ ನೀಡಿದವರಿಗಾಗಿ ಇರುವ ಲ್ಯಾಂಡ್‌ಮಾರ್ಕ್ ಪ್ರಶಸ್ತಿ. ಅದು ಹಾಲ್ ಆಫ್ ಫೇಮ್ ಸದಸ್ಯತ್ವವಲ್ಲ. ಎರಡನ್ನೂ ಒಂದೇ ಎಂದು ಬರೆದುಕೊಳ್ಳಬೇಡಿ.