ಓಟಿಪಿ ಕೊಟ್ಟ ಮೇಲೂ ಮೇಲ್ ಖಾತೆ ಕಳ್ಳರ ಪಾಲಾಗುವುದು ಹೇಗೆ? ಮನೆಯಿಂದ ಕೆಲಸ ಮಾಡುವವರಿಗೊಂದು ಟಿಪ್ಪಣಿ

ಲೆಕ್ಕಕ್ಕೆ ಇಟ್ಟುಕೊಂಡಿರುವುದು ಹತ್ತು ಹನ್ನೆರಡು ಜನರ ಕಂಪನಿ, ಎಲ್ಲರೂ ಮನೆಯಿಂದ ಕೆಲಸ, ಮೇಲ್ ಗೂಗಲ್‌ನದು. ರೂಟರ್‌ನ ಜೊತೆ ಬಂದ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಅಪ್‌ಡೇಟ್ ಮುಂದೂಡಬೇಡಿ. ಅಷ್ಟು ಸಾಕು, ಅದರಲ್ಲಿ ಅರ್ಥವಾಗದ್ದೇನಿಲ್ಲ.

ವಿಳಾಸ ಓದುವುದು

ಕಳ್ಳರ ಆಟ ಶುರುವಾಗುವುದು ಗೂಗಲ್‌ನ ಲಾಗಿನ್ ಪುಟದಂತೆಯೇ ಕಾಣುವ ಕಳ್ಳ ಪುಟಕ್ಕೆ ಒಯ್ಯುವ ಲಿಂಕ್‌ನಿಂದ. ಆ ಲಿಂಕ್‌ನಲ್ಲಿ ಎರಡು ಓರೆಗೆರೆ (//) ದಾಟಿದ ಮೇಲೆ ಸಿಗುವ ಮೊದಲ ಒಂಟಿ ಓರೆಗೆರೆಯ ಮೇಲೆ ಬೆರಳಿಡಿ. ಅಲ್ಲಿಂದ ಎಡಕ್ಕೆ ಓದಿ. ನಮ್ಮ ಹೆಸರಿನ ಹಾಗೆಯೇ: ಮುಂದೆ ಇನಿಷಿಯಲ್ ಎಷ್ಟೇ ಇರಲಿ, ಆಸಾಮಿಯ ಹೆಸರು ಇರುವುದು ಕೊನೆಯಲ್ಲಿ. 'ಅಕೌಂಟ್ಸ್.ಗೂಗಲ್.ಕಾಮ್.ಮೇಲ್-ವೆರಿಫೈ.ಇನ್/ಲಾಗಿನ್' ಎಂದಿದ್ದರೆ ಮಾಲೀಕ 'ಮೇಲ್-ವೆರಿಫೈ.ಇನ್', ಗೂಗಲ್ ಬರೀ ಇನಿಷಿಯಲ್. ಸಾಮಾನ್ಯವಾಗಿ ಕೊನೆಯ ಎರಡು ತುಂಡು ನೋಡಿದರೆ ಸಾಕು, 'ಕೋ.ಇನ್', 'ಬ್ಯಾಂಕ್.ಇನ್' ಇದ್ದಲ್ಲಿ ಮೂರು. ಭಾರತದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಬ್ಯಾಂಕ್.ಇನ್'ಗೆ ಹೋಗಬೇಕೆಂದು ಆರ್‌ಬಿಐ ಹೇಳಿದ್ದು ಈ ಬಾಲ ನೋಡಿ ಗುರುತಿಸಲಿ ಎಂದೇ.

ಬ್ರೌಸರ್‌ನಲ್ಲಿ ವಿಳಾಸದ ಪಕ್ಕ ಕಾಣುವ ಬೀಗದ ಚಿಹ್ನೆಯನ್ನು ನಂಬಬೇಡಿ. ದಾರಿಯಲ್ಲಿ ಯಾರೂ ಕದ್ದು ನೋಡುತ್ತಿಲ್ಲ ಎಂದಷ್ಟೇ ಅದರ ಅರ್ಥ. ಆ ತುದಿಯಲ್ಲಿ ಕೂತವನು ಯಾರೆಂದು ಅದು ಹೇಳುವುದಿಲ್ಲ. ಕ್ರೋಮ್ 2023ರಲ್ಲಿ ಆ ಚಿಹ್ನೆಯನ್ನೇ ಕಿತ್ತು ಹಾಕಿತು. ವಿಪಿಎನ್, ಅಂದರೆ ನಮ್ಮ ಇಂಟರ್‌ನೆಟ್ ಸಂಚಾರವನ್ನು ಗುಪ್ತ ಸುರಂಗದಲ್ಲಿ ಸಾಗಿಸುವ ಸೌಲಭ್ಯ, ಅದರ ಕಥೆಯೂ ಅಷ್ಟೇ, ಕಳ್ಳ ಪುಟ ಆ ಸುರಂಗದೊಳಗಿನಿಂದಲೇ ಬರುತ್ತದೆ.

ಎಲ್ಲರೂ ಎಡವುವ ಜಾಗ

'ಎರಡು ಹಂತದ ಪರಿಶೀಲನೆ ಇತ್ತಲ್ಲ, ಆದರೂ ಹೇಗೆ?' ಈ ಪ್ರಶ್ನೆಗೆ ನಿಧಾನವಾಗಿ ಉತ್ತರ ಬಿಡಿಸೋಣ.

ಕಳ್ಳ ಪುಟ ಬರೀ ಚಿತ್ರವಲ್ಲ, ದಲ್ಲಾಳಿ. ನೀವು ಟೈಪ್ ಮಾಡಿದ ಪಾಸ್‌ವರ್ಡನ್ನು ಅದು ಆ ಕ್ಷಣವೇ ನಿಜವಾದ ಗೂಗಲ್‌ಗೆ ದಾಟಿಸುತ್ತದೆ. ನಿಜವಾದ ಗೂಗಲ್ ಕೋಡ್ ಕೇಳುತ್ತದೆ, ದಲ್ಲಾಳಿ ಅದನ್ನೇ ನಿಮ್ಮನ್ನು ಕೇಳುತ್ತದೆ. ಫೋನಿನಲ್ಲೇ ಓಟಿಪಿ ಹುಟ್ಟಿಸುವ ಆಥೆಂಟಿಕೇಟರ್ ಆಪ್‌ನ 6 ಅಂಕಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ ನಿಜ, ಆದರೆ ದಾಟಿಸಲು ಎರಡು ಸೆಕೆಂಡು ಸಾಕು. ಆ ಅಂಕಿ ಹುಟ್ಟುವುದು ಒಂದು ಗುಟ್ಟಿನ ಕೀ ಮತ್ತು ಗಡಿಯಾರದ ಹೊತ್ತಿನಿಂದ. ಅದನ್ನು ಯಾವ ಪುಟದಲ್ಲಿ ತುಂಬುತ್ತಿದ್ದೀರಿ ಎಂಬುದು ಆ ಲೆಕ್ಕದಲ್ಲೇ ಇಲ್ಲ. ಇಡೀ ತೂತು ಇರುವುದು ಇಲ್ಲಿ.

ಕೋಡ್ ಸರಿಯಾದರೆ ಗೂಗಲ್ ಒಂದು ಸೆಷನ್ ಕುಕಿ ಕೊಡುತ್ತದೆ. ಜಾತ್ರೆಯಲ್ಲಿ ಟಿಕೆಟ್ ತೋರಿಸಿದ ಮೇಲೆ ಕೈಗೆ ಒತ್ತುವ ಮುದ್ರೆಯಂತೆ, ಆಮೇಲೆ ಟಿಕೆಟ್ ಯಾರೂ ಕೇಳುವುದಿಲ್ಲ. ಆ ಮುದ್ರೆ ಬಿದ್ದದ್ದು ದಲ್ಲಾಳಿಯ ಕೈಗೆ.

ಪಾಸ್‌ಕೀ, ಅಂದರೆ ಪಾಸ್‌ವರ್ಡ್ ಬದಲಿಗೆ ಬೆರಳಚ್ಚಿನಿಂದಲೋ ಪಿನ್‌ನಿಂದಲೋ ತೆರೆಯುವ ಡಿಜಿಟಲ್ ಕೀ, ಹಾಗಲ್ಲ. ಅದು ಡೊಮೇನ್‌ಗೆ, ಅಂದರೆ ಮೇಲೆ ಹೇಳಿದ ಮಾಲೀಕನ ವಿಳಾಸಕ್ಕೆ, ಕಟ್ಟಿಕೊಂಡಿರುತ್ತದೆ, ಹೋಲಿಸುವುದು ಬ್ರೌಸರ್, ನಮ್ಮ ಕಣ್ಣಲ್ಲ. 'ಮೇಲ್-ವೆರಿಫೈ.ಇನ್'ನಲ್ಲಿ ಗೂಗಲ್‌ನ ಪಾಸ್‌ಕೀ ಬಳಕೆಗೇ ಬರುವುದಿಲ್ಲ. ಗೂಗಲ್ ಖಾತೆಗೆ ಇದು 2023ರ ಮೇ ತಿಂಗಳಿಂದ ಸಿಗುತ್ತಿದೆ. ಒಂದು ಕೊಕ್ಕೆ ಇದೆ: 'ಬೇರೆ ವಿಧಾನ ಬಳಸಿ' ಎಂಬ ದಾರಿ ತೆರೆದಿದ್ದರೆ ದಲ್ಲಾಳಿ ನಿಮ್ಮನ್ನು ಮತ್ತೆ ಓಟಿಪಿಗೇ ಎಳೆಯುತ್ತಾನೆ. ಪಾಸ್‌ವರ್ಡ್‌ಗಳನ್ನು ನೆನಪಿಟ್ಟು ಸರಿಯಾದ ಪುಟದಲ್ಲಷ್ಟೇ ತುಂಬುವ ಪಾಸ್‌ವರ್ಡ್ ಮ್ಯಾನೇಜರ್ ತಾನಾಗಿ ತುಂಬದೇ ಹೋದರೆ ಅದನ್ನೂ ಎಚ್ಚರಿಕೆಯೆಂದೇ ಓದಿ. 'ಇವತ್ತೇಕೋ ಕೆಲಸ ಮಾಡ್ತಿಲ್ಲ' ಎಂದು ಕಾಪಿ-ಪೇಸ್ಟ್ ಮಾಡಿದಿರೋ, ಮುಗಿಯಿತು.

ಕೋಡ್ ಕೊಟ್ಟುಬಿಟ್ಟಿದ್ದರೆ

ಮೊದಲು ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಕಂಪನಿಯ ಅಡ್ಮಿನ್‌ಗೆ ಹೇಳಿ. ಪಾಸ್‌ವರ್ಡ್ ಬದಲಿಸಿದರೆ ಹೆಚ್ಚಿನ ಸಾಧನಗಳಿಂದ ಲಾಗ್‌ಔಟ್ ಆಗುತ್ತದೆ, ಆದರೆ ಕಳ್ಳ ಒಳಗೆ ಬಿಟ್ಟುಹೋದ ಸಾಮಾನು ಹೋಗುವುದಿಲ್ಲ: ಹೊಸದಾಗಿ ಸೇರಿಸಿದ ಪಾಸ್‌ಕೀ, ಅವನದೇ ರಿಕವರಿ ಫೋನ್, ಅನುಮತಿ ಪಡೆದ ಹೊರಗಿನ ಆಪ್, ಫಾರ್ವರ್ಡಿಂಗ್ ವಿಳಾಸ. ಎಲ್ಲಕ್ಕಿಂತ ಕಿಲಾಡಿ ಎಂದರೆ ಫಿಲ್ಟರ್, ಬರುವ ಮೇಲ್ ಏನಾಗಬೇಕೆಂದು ಬರೆದಿಡುವ ನಿಯಮ. 'ಇನ್‌ವಾಯ್ಸ್' ಪದವಿರುವ ಮೇಲ್ ಇನ್‌ಬಾಕ್ಸ್‌ಗೆ ಬಾರದೆ ಅಳಿಸಿಹೋಗಲಿ ಎಂದು ಒಂದು ಸಾಲು ಬರೆದಿಟ್ಟರೆ ಸಾಕು. ನಿಮ್ಮ ಹೆಸರಲ್ಲಿ ಗಿರಾಕಿಗೆ 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಎಂದು ಬರೆದಿದ್ದೂ, ಗಿರಾಕಿ 'ಹೌದಾ?' ಎಂದು ಕೇಳಿದ್ದೂ ನಿಮಗೆ ತಿಳಿಯುವುದೇ ಇಲ್ಲ. ಫಿಲ್ಟರ್ ಪಟ್ಟಿ ಜಿಮೇಲ್‌ನ ಮೊಬೈಲ್ ಆಪ್‌ನಲ್ಲಿ ಕಾಣುವುದಿಲ್ಲ, ಕಂಪ್ಯೂಟರ್ ಬ್ರೌಸರ್‌ನಲ್ಲೇ ತೆರೆದು ನೋಡಬೇಕು.

'ಬ್ಯಾಂಕ್ ಖಾತೆ ಬದಲಾಗಿದೆ' ಎಂಬ ಮೇಲ್ ನಿಮಗೇ ಬಂದರೆ, ಅದರಲ್ಲಿರುವ ನಂಬರಿಗಲ್ಲ, ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಕರೆ ಮಾಡಿ. ಹಣ ಹೋಗಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಕ್ಷಣ ತಿಳಿಸಿ. ಹಣ ಮುಂದಿನ ಖಾತೆಗೆ ಜಾರುವ ಮುಂಚೆ ತಡೆಹಿಡಿಸಬೇಕು. ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂಬ 2022ರ ಏಪ್ರಿಲ್ 28ರ ನಿರ್ದೇಶನ ಸಣ್ಣ ಕಂಪನಿಗಳಿಗೂ ಅನ್ವಯಿಸುತ್ತದೆ.