ಗುಂಡು ಹಾರಿಸಿದ್ದು ಹಿಜ್ಬುಲ್ಲಾ, ಹೊಣೆ ಲೆಬನಾನಿನದೇ?

ಓದುಗರ ಪ್ರಶ್ನೆ: ಹಿಜ್ಬುಲ್ಲಾ ಎಂಬ ಸಶಸ್ತ್ರ ಗುಂಪನ್ನು ಹಿಡಿತದಲ್ಲಿಡುವ ಶಕ್ತಿ ಲೆಬನಾನ್ ಸರ್ಕಾರಕ್ಕಿಲ್ಲ ಅಂತಾರೆ. ಹಾಗಿದ್ದ ಮೇಲೆ ಅದು ಮಾಡಿದ್ದಕ್ಕೆಲ್ಲ ಲೆಬನಾನ್ ಹೇಗೆ ಹೊಣೆಯಾಗುತ್ತದೆ?

2006ರ ಜುಲೈ 12ರಂದು ಹಿಜ್ಬುಲ್ಲಾದವರು ಗಡಿ ದಾಟಿ ಇಬ್ಬರು ಇಸ್ರೇಲಿ ಸೈನಿಕರನ್ನು ಹಿಡಿದುಕೊಂಡು ಹೋದಾಗಲೂ ಇದೇ ಪ್ರಶ್ನೆ ಎದ್ದಿತ್ತು. ನಮಗೆ ಗೊತ್ತೇ ಇರಲಿಲ್ಲ, ಹೊಣೆ ನಮ್ಮದಲ್ಲ ಎಂದಿತು ರಾಜಧಾನಿ ಬೈರೂತಿನಲ್ಲಿದ್ದ ಲೆಬನಾನ್ ಸರ್ಕಾರ. ಇಸ್ರೇಲಿನ ಪ್ರಧಾನಿ ಎಹುದ್ ಓಲ್ಮರ್ಟ್ ಒಪ್ಪಲಿಲ್ಲ. ಇದು ಒಂದು ದೇಶವೇ ಮಾಡಿದ ದಾಳಿ ಎಂದರು. ಮರುದಿನವೇ ಬೈರೂತ್ ವಿಮಾನ ನಿಲ್ದಾಣದ ಮೇಲೆ ಬಾಂಬ್ ಬಿತ್ತು. ಯುದ್ಧ 34 ದಿನ ನಡೆಯಿತು.

ಕಾನೂನಿನ ಪ್ರಕಾರ ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ನಾವು ಸುಮ್ನೆ ಎರಡನ್ನೂ ಕಲಸಿಬಿಡುತ್ತೇವೆ. ಮೊದಲನೆಯದು, ಆ ಕೆಲಸ ದೇಶದ್ದೇ ಎನ್ನಬಹುದೇ? ಎರಡನೆಯದು, ತನ್ನ ನೆಲದಲ್ಲಿ ಹಾಗಾಗದಂತೆ ದೇಶ ನೋಡಿಕೊಂಡಿತೇ?

ಮೊದಲನೆಯದಕ್ಕೆ ಅಳತೆಗೋಲು ಬಿಗಿಯಾಗಿದೆ. 1986ರಲ್ಲಿ ನಿಕರಾಗುವಾ ಮೊಕದ್ದಮೆ ಅಂತಾರಾಷ್ಟ್ರೀಯ ನ್ಯಾಯಾಲಯದ ಮುಂದಿತ್ತು. ನಿಕರಾಗುವಾ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಕಾಂಟ್ರಾ ಬಂಡುಕೋರರಿಗೆ ಅಮೆರಿಕ ದುಡ್ಡು, ಆಯುಧ, ತರಬೇತಿ ಎಲ್ಲ ಕೊಟ್ಟಿತ್ತು. ಹಾಗೆ ಕೊಟ್ಟಿದ್ದು ತಪ್ಪು ಎಂದ ನ್ಯಾಯಾಲಯ, ಕಾಂಟ್ರಾಗಳು ನಡೆಸಿದ ಒಂದೊಂದು ದೌರ್ಜನ್ಯವನ್ನೂ ಅಮೆರಿಕದ ತಲೆಗೆ ಕಟ್ಟಲಿಲ್ಲ. ಆ ಕಾರ್ಯಾಚರಣೆಯ ಮೇಲೆ ನೇರ ಹತೋಟಿ ಇತ್ತು ಎಂದು ಸಾಬೀತಾಗಬೇಕು ಎಂದಿತು. ನನಗೆ ಇದು ದುಡ್ಡು ಕೊಡುವವರಿಗೆ ಜಾಸ್ತಿ ಅನುಕೂಲವಾದ ನಿಯಮ ಅನ್ನಿಸುತ್ತದೆ. ಹಿಜ್ಬುಲ್ಲಾಕ್ಕೆ ಆಯುಧ ಕೊಡುವುದು ಇರಾನ್. ಬಾಂಬ್ ಬೀಳುವುದು ಲೆಬನಾನಿನ ಮೇಲೆ.

ಲೆಬನಾನ್ ಸಿಕ್ಕಿಕೊಳ್ಳುವುದು ಎರಡನೆಯ ಪ್ರಶ್ನೆಯಲ್ಲಿ. ಇದರ ಬೇರು 1946ರ ಒಂದು ಘಟನೆಯಲ್ಲಿದೆ. ಅಲ್ಬೇನಿಯಾದ ಕರಾವಳಿಗೆ ಹತ್ತಿರದ ಕಾರ್ಫು ಕಾಲುವೆಯಲ್ಲಿ ಬ್ರಿಟನ್ನಿನ ಎರಡು ಯುದ್ಧನೌಕೆಗಳು ಸಿಡಿಮದ್ದಿಗೆ ಸಿಕ್ಕವು. 44 ನಾವಿಕರು ಸತ್ತರು. ಮದ್ದು ಇಟ್ಟವರು ಯಾರು ಎಂದು ನ್ಯಾಯಾಲಯ ಕೊನೆಗೂ ತೀರ್ಮಾನಿಸಲಿಲ್ಲ. ಆದರೂ 1949ರಲ್ಲಿ ಅಲ್ಬೇನಿಯಾವನ್ನು ಹೊಣೆ ಮಾಡಿತು. ತನ್ನ ನೀರಿನಲ್ಲಿ ಮದ್ದಿದೆ ಎಂದು ಅದಕ್ಕೆ ಗೊತ್ತಿರಲೇಬೇಕಿತ್ತು. ಗೊತ್ತಿದ್ದೂ ಎಚ್ಚರಿಸಲಿಲ್ಲ. ಎಚ್ಚರಿಸುವುದಕ್ಕೆ ದೊಡ್ಡ ಸೇನೆ ಬೇಕಿಲ್ಲ, ಅಲ್ವಾ?

ಹಾಗಂತ ಕೈಲಾಗದವರನ್ನೆಲ್ಲ ಕಾನೂನು ಶಿಕ್ಷಿಸುವುದಿಲ್ಲ. ಕಾಂಗೋ ಮತ್ತು ಉಗಾಂಡಾ ಮೊಕದ್ದಮೆಯ ತೀರ್ಪು ಬಂದದ್ದು 2005ರಲ್ಲಿ. ನಮ್ಮ ವಿರೋಧಿ ಬಂಡುಕೋರರಿಗೆ ಕಾಂಗೋ ಜಾಗ ಕೊಟ್ಟಿತ್ತು ಎಂಬುದು ಉಗಾಂಡಾದ ದೂರು. ಆ ಗಡಿ ಗುಡ್ಡಗಾಡು, ಅಲ್ಲಿ ಬಂಡುಕೋರರನ್ನು ಹತ್ತಿಕ್ಕಲು ಎರಡೂ ದೇಶಗಳಿಂದ ಆಗಿರಲಿಲ್ಲ. ಕಾಂಗೋ ಸರ್ಕಾರ ಏನೂ ಮಾಡಲಿಲ್ಲ ಎಂದ ಮಾತ್ರಕ್ಕೆ ಅದು ಬಂಡುಕೋರರನ್ನು ಸಹಿಸಿಕೊಂಡಿತ್ತು ಎನ್ನಲಾಗದು ಎಂದಿತು ನ್ಯಾಯಾಲಯ. ಅಂದರೆ ಆಗಲಿಲ್ಲ ಎನ್ನುವುದೂ ಮನಸ್ಸು ಮಾಡಲಿಲ್ಲ ಎನ್ನುವುದೂ ಒಂದೇ ಅಲ್ಲ.

ಲೆಬನಾನ್ ಇವೆರಡರ ನಡುವೆ ಸಿಕ್ಕಿಕೊಂಡಿದೆ. ಅಲ್ಲಿನ ಅಂತರ್ಯುದ್ಧ ಮುಗಿಸಲು ಮಾಡಿಕೊಂಡ 1989ರ ತಾಯಿಫ್ ಒಪ್ಪಂದ ಎಲ್ಲ ಸಶಸ್ತ್ರ ಗುಂಪುಗಳನ್ನೂ ವಿಸರ್ಜಿಸಬೇಕು ಎಂದಿತ್ತು. ಇಸ್ರೇಲ್ ವಿರುದ್ಧದ 'ಪ್ರತಿರೋಧ'ದ ಹೆಸರಿನಲ್ಲಿ ಹಿಜ್ಬುಲ್ಲಾ ಆಯುಧ ಉಳಿಸಿಕೊಂಡಿತು. 2006ರಲ್ಲಿ ಅದರ ಮಂತ್ರಿಗಳು ಸಂಪುಟದಲ್ಲೇ ಕೂತಿದ್ದರು. ಒಂದೇ ಮೇಜಿನ ಸುತ್ತ ಕೂತು 'ಅವರು ಯಾರೋ ನಮಗೆ ಗೊತ್ತಿಲ್ಲ' ಎಂದರೆ ಯಾರು ನಂಬುತ್ತಾರೆ? ಆದರೆ ತಡೆಯಲು ಹೋದರೆ ಏನಾಗುತ್ತದೆ ಎಂಬುದು 2008ರ ಮೇ ತಿಂಗಳಲ್ಲಿ ಗೊತ್ತಾಯಿತು. ಸರ್ಕಾರ ಹಿಜ್ಬುಲ್ಲಾದ ಖಾಸಗಿ ಟೆಲಿಫೋನ್ ಜಾಲಕ್ಕೆ ಕೈಹಾಕಿತು. ಕೆಲವೇ ದಿನಗಳಲ್ಲಿ ಪಶ್ಚಿಮ ಬೈರೂತ್ ಬಂದೂಕುಧಾರಿಗಳ ವಶವಾಯಿತು. ಸರ್ಕಾರ ಆದೇಶ ವಾಪಸ್ ಪಡೆಯಿತು.

ಹಾಗಾಗಿ ನನ್ನ ಉತ್ತರ ಹೀಗೆ. ಹಿಜ್ಬುಲ್ಲಾದ ಪ್ರತಿ ರಾಕೆಟ್ಟೂ ಲೆಬನಾನಿನ ರಾಕೆಟ್ ಅಲ್ಲ. ಆದರೆ ತನ್ನ ಕೈಲಾದದ್ದನ್ನು ಮಾಡಬೇಕಾದ ಹೊಣೆಯಿಂದ ಅದು ತಪ್ಪಿಸಿಕೊಳ್ಳುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಆಯುಧವೆಲ್ಲ ಸರ್ಕಾರದ ಕೈಯಲ್ಲೇ ಇರುವಂತೆ ಮಾಡುವ ಯೋಜನೆ ತಯಾರಿಸಲು ಅಲ್ಲಿನ ಸಂಪುಟ ಸೇನೆಗೆ ಹೇಳಿತು. ಕಾನೂನು ನೋಡುವುದು ಇಂಥ ಹೆಜ್ಜೆಯನ್ನೇ. ಇನ್ನು, ದೇಶ ಹೊಣೆ ಎಂದ ಕೂಡಲೇ ಅದರ ಸೇತುವೆ, ವಿದ್ಯುತ್ ಸ್ಥಾವರಗಳ ಮೇಲೆಲ್ಲ ಬಾಂಬ್ ಹಾಕಬಹುದು ಎಂದಲ್ಲ. ಯಾವುದರ ಮೇಲೆ ಹಾಕಬಹುದು, ಹಾಕಬಾರದು ಎಂಬುದಕ್ಕೆ ಯುದ್ಧದ ನಿಯಮಗಳೇ ಬೇರೆ ಇವೆ.