ಟರ್ಮಿನಲ್ಲಲ್ಲಿ ಓಡೋ ಪ್ರೋಗ್ರಾಮಿಗೆ ಗಡಿಯಾರ ಹಿಡಿಯೋದು

ಕೋಲಾರದ ಮಂಡಿಯಲ್ಲಿ ಟೊಮೆಟೊ ಹರಾಜಿನ ಲೆಕ್ಕ ಬರ್ಕೊಳ್ಳೋ ಒಬ್ಬ ಹುಡುಗ ಇದಾನೆ ಅಂದ್ಕೊಳ್ಳಿ. ಯಾವ ಊರಿನ ಲಾಟು, ಎಷ್ಟು ಬಾಕ್ಸು, ಬಾಕ್ಸಿಗೆ ಏನು ರೇಟು, ಎಲ್ಲಾ ಒಂದೇ ಟೆಕ್ಸ್ಟ್ ಫೈಲಿಗೆ ವರ್ಷಗಟ್ಲೆ ತುಂಬ್ತಾ ಬಂದು ಅದೀಗ 900 ಎಂಬಿ ಊದ್ಕೊಂಡಿದೆ. ಅದ್ರಲ್ಲಿ ಮುಳಬಾಗಿಲಿನ ಲಾಟುಗಳು ಮಾತ್ರ ಬೇಕು ಅಂತ, ಕೇಳಿದ ಪದ ಇರೋ ಸಾಲುಗಳನ್ನ ಹುಡುಕಿ ಕೊಡೋ ಗ್ರೆಪ್ ಕಮಾಂಡ್ ಕೊಟ್ಟ, ಹಳೇ ಲ್ಯಾಪ್‌ಟಾಪು, 9 ಸೆಕೆಂಡು ಹಿಡೀತು. ಎಲ್ಲೋ ಓದಿದ್ದ ಒಂದು ಆಪ್ಷನ್ ಸೇರಿಸಿ ಇನ್ನೊಂದ್ಸಲ ಓಡಿಸ್ದ, ಅರ್ಧ ಸೆಕೆಂಡಿಗೆ ಮುಗೀತು. 18 ಪಟ್ಟು ಸ್ಪೀಡು! ತಕ್ಷಣ ಗ್ರೂಪಿಗೆ ಸ್ಕ್ರೀನ್‌ಶಾಟು. ಆ ಆಪ್ಷನ್ ತೆಗೆದುಹಾಕಿ ಮೂರನೇ ಸಲ ಓಡಿಸಿದ್ರೆ ಆಗ್ಲೂ ಅರ್ಧ ಸೆಕೆಂಡೇ ಬರ್ತಿತ್ತು, ಆದ್ರೆ ಗೆದ್ದ ಮೇಲೆ ಮೂರನೇ ಸಲ ಯಾರು ಓಡಿಸ್ತಾರೆ ಹೇಳಿ.

ಆಗಿದ್ದಿಷ್ಟೇ. ಲಿನಕ್ಸ್ (ಆ ಲ್ಯಾಪ್‌ಟಾಪಿನ ಆಪರೇಟಿಂಗ್ ಸಿಸ್ಟಂ) ಒಂದ್ಸಲ ಡಿಸ್ಕಿಂದ ಓದಿದ ಫೈಲನ್ನ ಖಾಲಿ ಬಿದ್ದಿರೋ ರ್‍ಯಾಮಲ್ಲಿ ಹಾಗೇ ಇಟ್ಕೊಂಡಿರತ್ತೆ, ಇದಕ್ಕೆ ಪೇಜ್ ಕ್ಯಾಶ್ ಅಂತಾರೆ, ಎರಡನೇ ಸಲ ಅದೇ ಫೈಲ್ ಕೇಳಿದ್ರೆ ಡಿಸ್ಕಿನ ಹತ್ರ ಹೋಗೋದೇ ಇಲ್ಲ. ನಿಮಿಷಕ್ಕೆ 5400 ಸುತ್ತು ತಿರುಗೋ ಹಾರ್ಡ್ ಡಿಸ್ಕಿಗೆ ಒಂದು ಸುತ್ತು ಹಾಕೋಕೇ 11 ಮಿಲಿಸೆಕೆಂಡ್ ಬೇಕು, ರ್‍ಯಾಮಿಂದ ಒಂದು ತುಣುಕು ತರೋಕೆ ಸುಮಾರು 100 ನ್ಯಾನೋಸೆಕೆಂಡ್ ಸಾಕು, ಅಂದ್ರೆ ಒಂದು ಲಕ್ಷ ಪಟ್ಟು ವ್ಯತ್ಯಾಸ. ಟೈಮ್ ಅನ್ನೋ ಹಳೇ ಕಮಾಂಡನ್ನ ಮುಂದೆ ಹಾಕಿ ಓಡಿಸಿದ್ರೆ ಇದು ಕಣ್ಣಿಗೇ ಕಾಣತ್ತೆ. ಅದು ಮೂರು ಸಾಲು ತೋರಿಸತ್ತೆ: ರಿಯಲ್ ಅಂದ್ರೆ ಗೋಡೆ ಗಡಿಯಾರದ ಟೈಮು, ಯೂಸರ್ ಅಂದ್ರೆ ಪ್ರೋಗ್ರಾಮೇ ಸಿಪಿಯು ಮೇಲೆ ಕಳೆದಿದ್ದು, ಸಿಸ್ ಅಂದ್ರೆ ಅದರ ಪರವಾಗಿ ಕರ್ನಲ್, ಅಂದ್ರೆ ಲಿನಕ್ಸಿನ ತಿರುಳು, ಕಳೆದಿದ್ದು. ರಿಯಲ್ 9 ಸೆಕೆಂಡ್ ಇದ್ದು ಉಳಿದೆರಡೂ ಸೇರಿ ಒಂದು ಸೆಕೆಂಡೂ ಆಗಿಲ್ಲ ಅಂದ್ರೆ ಪ್ರೋಗ್ರಾಮು ಕೆಲಸ ಮಾಡ್ತಿರ್ಲಿಲ್ಲ, ಸುಮ್ನೆ ಕೈ ಕಟ್ಕೊಂಡು ಡಿಸ್ಕಿಗೆ ಕಾಯ್ತಿತ್ತು.

ಹಂಗಾದ್ರೆ ನಿಜವಾದ ನಂಬರ್ ಯಾವ್ದು, ಒಂಬತ್ತಾ ಅರ್ಧನಾ? ಎರಡೂ ನಿಜ. ನಾವು ಅಳೆಯೋದು ಬರೀ ಪ್ರೋಗ್ರಾಮನ್ನಲ್ಲ, ಪ್ರೋಗ್ರಾಮ್ ಜೊತೆಗೆ ಆ ಹೊತ್ತಲ್ಲಿ ಮೆಷಿನ್ ಯಾವ ಸ್ಥಿತಿಯಲ್ಲಿತ್ತೋ ಅದನ್ನೂ ಸೇರಿಸಿ, ಹಂಗಾಗಿ ಅಳೆಯೋಕೆ ಮುಂಚೆ ಪ್ರಶ್ನೆ ಗಟ್ಟಿ ಮಾಡ್ಕೋಬೇಕು, ಸೆಟ್ಟಿಂಗ್ ಎಲ್ಲಾ ಆಮೇಲೆ. ಆ ಹುಡುಗ ದಿನಾ ಬೆಳಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿ ಒಂದೇ ಒಂದ್ಸಲ ಹುಡುಕೋನಾದ್ರೆ ಅವನ ಪಾಲಿಗೆ ನಿಜ 9 ಸೆಕೆಂಡು, ಅವನು ಗ್ರೆಪ್ ಬದಲಾಯಿಸೋದಕ್ಕಿಂತ ಒಂದು ಎಸ್‌ಎಸ್‌ಡಿ ಹಾಕಿಸ್ಕೊಳ್ಳೋದು ವಾಸಿ. ಸ್ಕ್ರಿಪ್ಟಲ್ಲಿ ಲೂಪ್ ಹಾಕಿ ಅದೇ ಫೈಲನ್ನ ನೂರು ಸಲ ಹುಡುಕೋನಾದ್ರೆ ಅರ್ಧ ಸೆಕೆಂಡೇ ಅವನ ನಿಜ.

ಹೈಪರ್‌ಫೈನ್ ಅಂತ ಒಂದು ಟೂಲ್ ಇದೆ, ಡೇವಿಡ್ ಪೀಟರ್ ಅನ್ನೋರು ರಸ್ಟ್ ಭಾಷೆಯಲ್ಲಿ ಬರೆದಿದ್ದು, 2018ರಲ್ಲಿ ಬಂತು, ಫ್ರೀ. ಕಮಾಂಡ್ ಕೊಟ್ರೆ ಅದೇ ಕನಿಷ್ಠ 10 ಸಲ, ಒಟ್ಟು ಕನಿಷ್ಠ 3 ಸೆಕೆಂಡಾದ್ರೂ ಓಡಿಸಿ ಸರಾಸರಿ, ಏರಿಳಿತ, ಅತಿ ಕಮ್ಮಿ, ಅತಿ ಜಾಸ್ತಿ ಎಲ್ಲಾ ಹೇಳತ್ತೆ. ಮೇಲೆ ಹೇಳಿದ ಎರಡು ಪ್ರಶ್ನೆಗೂ ಅದ್ರಲ್ಲಿ ಒಂದೊಂದು ಆಪ್ಷನ್ ಇದೆ. ವಾರ್ಮಪ್ ಕೊಟ್ರೆ ಲೆಕ್ಕಕ್ಕಿಲ್ಲದ ಒಂದಷ್ಟು ರನ್ ಮೊದಲು ಓಡಿಸಿ ಕ್ಯಾಶ್ ಬೆಚ್ಚಗೆ ಮಾಡ್ಕೊಳ್ಳತ್ತೆ. ತಣ್ಣಗಿನ ಅಳತೆ ಬೇಕಾದ್ರೆ ಪ್ರಿಪೇರ್, ಅಂದ್ರೆ ಪ್ರತಿ ರನ್ನಿಗೂ ಮುಂಚೆ ನೀವು ಹೇಳಿದ ಕೆಲಸ ಮಾಡತ್ತೆ, ಅಲ್ಲಿ ಸಿಂಕ್ ಮಾಡಿಸಿ (ಡಿಸ್ಕಿಗೆ ಬರೆಯೋದು ಬಾಕಿ ಇದ್ರೆ ಬರೆಸಿ) ಕರ್ನಲ್‌ನ ಡ್ರಾಪ್ ಕ್ಯಾಶಸ್ ಫೈಲಿಗೆ 3 ಅಂತ ಬರೆಸಿದ್ರೆ ಕ್ಯಾಶ್ ಖಾಲಿ, ರೂಟ್ ಅಂದ್ರೆ ಅಡ್ಮಿನ್ ಪರ್ಮಿಷನ್ ಬೇಕು ಅಷ್ಟೇ. ಎರಡೂ ಕೊಡದೇ ಓಡಿಸಿದ್ರೆ ಮೊದಲ ರನ್ ತಣ್ಣಗೆ, ಉಳಿದ ಒಂಬತ್ತು ಬೆಚ್ಚಗೆ, ಸರಾಸರಿ ಮಾತ್ರ ಯಾರ ಪ್ರಶ್ನೆಗೂ ಉತ್ತರ ಅಲ್ಲ.

ಇನ್ನು ಗಲಾಟೆ ವಿಷಯ, ಅಂದ್ರೆ ಅಳತೆ ಕೆಡಿಸೋ ಹೊರಗಿನ ಅಡಚಣೆಗಳು. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಪಾಠ ನಡೆದಿದೆ, ಕೆಜಿಎಫ್ ಅಂದ್ರೆ ಜನಕ್ಕೆ ಈಗ ಚಿನ್ನ ಮತ್ತೆ ಸಿನಿಮಾ ಬಿಟ್ರೆ ಬೇರೇನೂ ನೆನಪಾಗಲ್ಲ ಅದು ಬೇರೆ ಮಾತು. ಆಕಾಶದಿಂದ ಕಾಸ್ಮಿಕ್ ಕಿರಣಗಳು ಬಂದು ವಾತಾವರಣಕ್ಕೆ ಬಡಿದು ಮ್ಯುವಾನ್ ಅನ್ನೋ ಕಣಗಳು ಹುಟ್ತಾವೆ, ನೆಲದ ಮಟ್ಟದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ನಿಮಿಷಕ್ಕೆ ಸುಮಾರು ಒಂದು ಹಾದುಹೋಗತ್ತೆ, ಈಗ ನಿಮ್ಮ ಅಂಗೈ ಮೇಲೂ ಬೀಳ್ತಾ ಇದಾವೆ. ಅದೇ ಬಡಿತದಲ್ಲಿ ನ್ಯೂಟ್ರಿನೋಗಳೂ ಹುಟ್ತಾವೆ, ಆದ್ರೆ ಅವು ಯಾವುದಕ್ಕೂ ತಗಲದೇ ಭೂಮಿಯನ್ನೇ ತೂರ್ಕೊಂಡು ಹೋಗೋ ಕಣಗಳು, ಅಪರೂಪಕ್ಕೊಂದು ಬಂಡೆಗೆ ಬಡಿದ್ರೆ ಮಾತ್ರ ಸುಳಿವು ಸಿಗೋದು. ಮೇಲುಗಡೆ ಎಷ್ಟೇ ಒಳ್ಳೆ ಡಿಟೆಕ್ಟರ್ ಇಟ್ರೂ ಮ್ಯುವಾನ್‌ಗಳ ಜಾತ್ರೆಯಲ್ಲಿ ಆ ಒಂದು ಸುಳಿವು ಕಳೆದೋಗತ್ತೆ. ಅದಕ್ಕೇ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಾಮ್ ಯೂನಿವರ್ಸಿಟಿಯವರ ಜೊತೆ ಸೇರಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ 2 ಕಿಲೋಮೀಟರಿಗಿಂತ ಆಳಕ್ಕೆ ಇಳಿದ್ರು. ಅಷ್ಟು ಕಲ್ಲು ತಲೆ ಮೇಲಿದ್ರೆ ಮ್ಯುವಾನ್ ಹೆಚ್ಚುಕಮ್ಮಿ ನಿಂತೇ ಹೋಗತ್ತೆ, ನ್ಯೂಟ್ರಿನೋ ನಿಲ್ಲಲ್ಲ. 1965ರಲ್ಲಿ ವಾತಾವರಣದ ನ್ಯೂಟ್ರಿನೋ ಸಿಕ್ತು, ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಸಿಕ್ತು. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಆದ್ರೆ ಅಲ್ಲಿನವರು ಮಾಡಿದ ಕೆಲಸ ಬೆಂಚ್‌ಮಾರ್ಕ್ ಮಾಡೋರಿಗೆ, ಅಂದ್ರೆ ಹೀಗೆ ಸ್ಪೀಡ್ ಅಳೆಯೋರಿಗೆ, ಇವತ್ತೂ ಪಾಠನೇ: ಸಿಗ್ನಲ್ ಚಿಕ್ಕದಿದ್ರೆ ಮೊದಲು ಗಲಾಟೆ ಎಲ್ಲಿಂದ ಬರ್ತಿದೆ ಅಂತ ನೋಡಿ ಅದರಿಂದ ದೂರ ಹೋಗು, ಆಮೇಲೆ ಎಣಿಸು.

ಲ್ಯಾಪ್‌ಟಾಪಲ್ಲಿ ಗಲಾಟೆ ಎಲ್ಲಿಂದ? ಮೊದಲನೇದಾಗಿ ಸಿಪಿಯು ಒಂದೇ ಸ್ಪೀಡಲ್ಲಿ ಓಡೋದೇ ಇಲ್ಲ. ಕೆಲಸ ಕಮ್ಮಿ ಇದ್ರೆ ನಿಧಾನ ಆಗತ್ತೆ, ಭಾರ ಬಿದ್ರೆ ಟರ್ಬೋ ಹತ್ತತ್ತೆ (ಮಾಮೂಲಿಗಿಂತ ಜೋರಾಗಿ ಓಡತ್ತೆ), ಬಿಸಿ ಜಾಸ್ತಿಯಾದ್ರೆ ತಾನೇ ಇಳಿಸ್ಕೊಳ್ಳತ್ತೆ. ಪಾವಗಡದಲ್ಲಿ ಏಪ್ರಿಲ್ ಮಧ್ಯಾಹ್ನ ಫ್ಯಾನ್ ಇಲ್ಲದ ರೂಮಲ್ಲಿ ಓಡಿಸಿದ ಅಳತೆಗೂ ನಂದಿ ಬೆಟ್ಟದ ಬುಡದಲ್ಲಿ ಡಿಸೆಂಬರ್ ಬೆಳಗಿನ ಅಳತೆಗೂ ಒಂದೇ ಮೆಷಿನ್ನಾದ್ರೂ ತಾಳೆ ಆಗ್ದೇ ಇರಬಹುದು. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಿತ್ತು ಅಂದ್ರಂತೂ ಎಷ್ಟೋ ಸಲ ಪವರ್ ಉಳಿಸೋ ಸೆಟ್ಟಿಂಗ್ ತಾನಾಗೇ ಬಂದು ಕೂತ್ಕೊಳ್ಳತ್ತೆ, ನಿಮಗೆ ಗೊತ್ತೂ ಆಗಲ್ಲ, ಸಂಜೆ ನೋಡಿದ್ರೆ ಮಧ್ಯಾಹ್ನದ ಕೋಡ್ ನಿಧಾನ ಬೆಳಗಿನ ಕೋಡ್ ಫಾಸ್ಟ್ ಅಂತ ನಂಬ್ಕೊಂಡು ಕೂತಿರ್ತೀರಿ. ಹಂಗಾಗಿ ಚಾರ್ಜರ್ ಹಾಕಿ, ಸಿಪಿಯು ಸ್ಪೀಡ್ ನಿರ್ಧರಿಸೋ ಗವರ್ನರ್ ಅನ್ನೋ ಸೆಟ್ಟಿಂಗನ್ನ ಪರ್ಫಾರ್ಮೆನ್ಸ್‌ಗೆ ಇಡಿ, ಆಗೋದಾದ್ರೆ ಟರ್ಬೋ ಆಫ್ ಮಾಡಿ, ಬ್ರೌಸರ್ ಮುಚ್ಚಿ, ಟಾಸ್ಕ್‌ಸೆಟ್ ಕಮಾಂಡಿಂದ ಪ್ರೋಗ್ರಾಮನ್ನ ಸಿಪಿಯುನ ಒಂದೇ ಕೋರಿಗೆ ಕಟ್ಟಿಹಾಕಿ (ಪ್ರೋಗ್ರಾಮು ಹಲವು ಥ್ರೆಡ್ಡಿಂದು, ಅಂದ್ರೆ ಕೆಲಸ ಹಂಚಿ ಒಟ್ಟೊಟ್ಟಿಗೆ ಓಡೋದು, ಅಲ್ಲದಿದ್ರೆ ಮಾತ್ರ, ಇಲ್ಲಾಂದ್ರೆ ಅದರ ಕೈಕಾಲೇ ಕಟ್ಟಿದಂಗೆ).

ಆದ್ರೆ ಇಲ್ಲೊಂದು ತಕರಾರು ನಂದು. ಎಲ್ಲಾ ಆಫ್ ಮಾಡಿ ಪರಿಶುದ್ಧ ಮಾಡಿದ ಮೆಷಿನ್‌ನ ನಂಬರ್ ಎರಡು ಕೋಡ್ ಹೋಲಿಸೋಕೆ ಚೆನ್ನ, ಅದನ್ನೇ "ನಿಮಗೂ ಇಷ್ಟೇ ಟೈಮ್ ಹಿಡಿಯತ್ತೆ" ಅಂತ ಬಳಸೋರಿಗೆ ಹೇಳಿದ್ರೆ ಸುಳ್ಳು. ಬಳಸೋರ ಮೆಷಿನ್ನಲ್ಲಿ ಟರ್ಬೋ ಇದೆ, ಬಿಸಿ ಇದೆ, ಇಪ್ಪತ್ತು ಟ್ಯಾಬ್ ಓಪನ್ ಇದೆ. ಯಾವ ನಂಬರ್ ಯಾಕೆ ಅಳೆದ್ವಿ ಅಂತ ಪಕ್ಕದಲ್ಲೇ ಬರೀಬೇಕು, ಬಹಳ ಜನ ಬರೆಯಲ್ಲ.

ಎಷ್ಟೇ ಮಾಡಿದ್ರೂ ಉಳಿಯೋ ಗಲಾಟೆಗೆ ಒಂದು ಸ್ವಭಾವ ಇದೆ, ಅದು ಒಂದೇ ಕಡೆಗೆ ವಾಲತ್ತೆ. ಕೋಲಾರದಿಂದ ಬೆಂಗಳೂರಿಗೆ ಬಸ್ಸು ಹೋಗೋದನ್ನ ನೋಡಿ, ರಸ್ತೆ ಪೂರ್ತಿ ಖಾಲಿ ಇದ್ರೂ ಇಷ್ಟಕ್ಕಿಂತ ಬೇಗ ಹೋಗೋಕಾಗಲ್ಲ ಅಂತ ಒಂದು ಗಡಿ ಇದೆ, ಆದ್ರೆ ಕೆ.ಆರ್. ಪುರದಲ್ಲಿ ಸಿಕ್ಕಾಕ್ಕೊಂಡ್ರೆ ತಡ ಆಗೋದಕ್ಕೆ ಗಡಿನೇ ಇಲ್ಲ. ಪ್ರೋಗ್ರಾಮೂ ಹಂಗೇ, ಅಡಚಣೆಗಳು ಟೈಮ್ ಕೂಡಿಸ್ತಾವೇ ಹೊರತು ಹೆಚ್ಚುಕಮ್ಮಿ ಯಾವತ್ತೂ ಕಳೆಯಲ್ಲ. ಹಂಗಾಗಿ ಒಂದೆರಡು ಕೆಟ್ಟ ರನ್ ಸರಾಸರಿಯನ್ನ ಎಳ್ಕೊಂಡು ಹೋಗ್ತಾವೆ, ಮಧ್ಯದ ಬೆಲೆ ಅಂದ್ರೆ ಮೀಡಿಯನ್ ಅಷ್ಟು ಅಲ್ಲಾಡಲ್ಲ, ಕನಿಷ್ಠ ಬೆಲೆ ಇನ್ನೂ ಗಟ್ಟಿ. ಬರೀ ಸಿಪಿಯು ಕೆಲಸ ಮಾಡೋ ಚಿಕ್ಕ ಪ್ರೋಗ್ರಾಮಾದ್ರೆ ನಾನು ಕನಿಷ್ಠನೇ ನೋಡೋದು, ಡಿಸ್ಕು ನೆಟ್‌ವರ್ಕು ಸೇರಿದ್ರೆ ಮೀಡಿಯನ್. ಮತ್ತೆ 1.02 ಪಟ್ಟು ಫಾಸ್ಟ್, ಏರಿಳಿತ 0.05 ಅಂತ ಬಂದ್ರೆ ಅದಕ್ಕೆ ಫಾಸ್ಟ್ ಅಂತ ಕರೀಬೇಡಿ ದಯವಿಟ್ಟು.

ಚಿಕ್ಕ ಕಮಾಂಡಿಗೆ ಇನ್ನೊಂದು ತೊಂದರೆ. ಹೈಪರ್‌ಫೈನ್ ನಿಮ್ಮ ಕಮಾಂಡನ್ನ ಶೆಲ್ (ಟರ್ಮಿನಲ್ಲಲ್ಲಿ ಕಮಾಂಡ್ ಓದಿ ಓಡಿಸೋ ಪ್ರೋಗ್ರಾಮು) ಮೂಲಕ ಓಡಿಸತ್ತೆ, ಶೆಲ್ ಏಳೋಕೂ ಟೈಮ್ ಬೇಕು, ಅದನ್ನ ಬೇರೆಯಾಗಿ ಅಳೆದು ಕಳೆದುಬಿಡತ್ತೆ, ಆದ್ರೆ 5 ಮಿಲಿಸೆಕೆಂಡಿಗಿಂತ ಬೇಗ ಮುಗಿಯೋ ಕಮಾಂಡಲ್ಲಿ ಈ ಕಳೆಯೋ ಲೆಕ್ಕನೇ ನಂಬೋಕಾಗಲ್ಲ, ಅದೇ ಎಚ್ಚರಿಕೆನೂ ಕೊಡತ್ತೆ. ಶೆಲ್ ಬೇಡ ಅಂತ ಹೇಳೋ ಆಪ್ಷನ್ ಹಾಕಿದ್ರೆ ನೇರವಾಗಿ ಓಡತ್ತೆ.

ಈಗ ನನಗೆ ತುಂಬಾ ಇಷ್ಟವಾದ ಮೋಸ. ಬೆಂಚ್‌ಮಾರ್ಕ್ ಮಾಡ್ವಾಗ ಔಟ್‌ಪುಟ್ ಸ್ಕ್ರೀನಿಗೆ ಬರೋದು ಬೇಡ ಅಂತ ಡೆವ್ ನಲ್ ಅನ್ನೋ ಕಸದಬುಟ್ಟಿಗೆ ಕಳಿಸ್ತೀವಲ್ಲ, ಗ್ನೂ ಗ್ರೆಪ್ (ಲಿನಕ್ಸಲ್ಲಿ ಸಾಮಾನ್ಯವಾಗಿ ಇರೋ ಗ್ರೆಪ್) ಅದನ್ನ ಪತ್ತೆ ಹಚ್ಚತ್ತೆ. ಹೆಂಗಿದ್ರೂ ಔಟ್‌ಪುಟ್ ಯಾರೂ ನೋಡಲ್ಲ, ಸಿಕ್ತೋ ಇಲ್ವೋ ಅಷ್ಟೇ ತಾನೇ ಬೇಕಿರೋದು ಅಂತ ಮೊದಲನೇ ಸಾಲು ಸಿಕ್ಕ ತಕ್ಷಣ ಕೆಲಸ ನಿಲ್ಲಿಸಿ ಹೊರಟುಬಿಡತ್ತೆ! 900 ಎಂಬಿ ಫೈಲಲ್ಲಿ ಮುಳಬಾಗಿಲು ಮೂರನೇ ಸಾಲಲ್ಲೇ ಇದ್ರೆ ಗ್ರೆಪ್ ಓದಿದ್ದು ಶುರುವಿನ ಒಂದು ತುಂಡು ಮಾತ್ರ, ನೀವು ಮಾತ್ರ ಇಡೀ ಫೈಲ್ ಹುಡುಕಿದ ಸ್ಪೀಡ್ ಅಂತ ಖುಷಿ ಪಡ್ತೀರಿ. ಹೈಪರ್‌ಫೈನ್ ಕೂಡ ಸುಮ್ನೆ ಬಿಟ್ರೆ ಔಟ್‌ಪುಟ್ ಕಳಿಸೋದು ಅಲ್ಲಿಗೇ, ಔಟ್‌ಪುಟ್ ಪೈಪಿಗೆ (ಒಂದು ಪ್ರೋಗ್ರಾಮಿಂದ ಇನ್ನೊಂದಕ್ಕೆ ಡೇಟಾ ಹೋಗೋ ದಾರಿಗೆ) ಹೋಗ್ಲಿ ಅಂತ ಹೇಳಿದ್ರೆ ಗ್ರೆಪ್ ಪೂರ್ತಿ ಕೆಲಸ ಮಾಡತ್ತೆ. ಎರಡು ಪ್ರೋಗ್ರಾಮ್ ಹೋಲಿಸೋ ಮುಂಚೆ ಎರಡರ ಔಟ್‌ಪುಟ್ಟೂ ಒಂದೇನಾ ಅಂತ ಒಂದ್ಸಲ ನೋಡೋದು ಇದಕ್ಕೇ.

ಕನ್ನಡ ಫೈಲಿಟ್ಕೊಂಡು ಆಟ ಆಡೋರಿಗೆ ಇದು ಇನ್ನೂ ಮುಖ್ಯ. ಅಕ್ಷರಗಳನ್ನ ಬೈಟುಗಳಾಗಿ ಬರೆಯೋ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ (ವ್ಯಂಜನ ಒಂದು ಸಂಕೇತ, ಕಾಗುಣಿತದ ಗುರುತು ಇನ್ನೊಂದು) 3 ಬೈಟು, ಕೋಲಾರ ಅಂದ್ರೆ 15 ಬೈಟು, ತುಮಕೂರು ಅಂದ್ರೆ 21. ಲೊಕೇಲ್, ಅಂದ್ರೆ ಮೆಷಿನ್ನಿನ ಭಾಷೆಯ ಸೆಟ್ಟಿಂಗ್, ಕನ್ನಡದ್ದಿದ್ರೆ ಸಾರ್ಟ್ ಕಮಾಂಡು ಆ ಭಾಷೆಯ ಅಕ್ಷರ ಕ್ರಮದ ನಿಯಮ ನೋಡ್ಕೊಂಡು ಜೋಡಿಸತ್ತೆ, ಲೊಕೇಲನ್ನ ಸಿ ಅಂತ ಇಟ್ರೆ ಬರೀ ಬೈಟ್ ಹೋಲಿಸ್ಕೊಂಡು ಹೋಗತ್ತೆ, ಅದು ಎಷ್ಟೋ ಫಾಸ್ಟ್. ಇಂಟರ್ನೆಟ್ಟಲ್ಲಿ ಎಲ್ರೂ ಈ ಟ್ರಿಕ್ ಹೇಳ್ತಾರೆ, ಇಂಗ್ಲಿಷ್ ಲಾಗ್ ಫೈಲಿಗೆ ಬಹುತೇಕ ಸರಿನೂ ಹೋಗತ್ತೆ, ಕನ್ನಡಕ್ಕೆ ಮಾತ್ರ ಅದು ಬೇರೆ ಕೆಲಸ: ಗ್ರೆಪ್‌ನಲ್ಲಿ ಯಾವ್ದಾದ್ರೂ ಒಂದು ಅಕ್ಷರ ಅಂತ ಚುಕ್ಕಿ ಹಾಕಿದ್ರೆ ಸಿ ಲೊಕೇಲಲ್ಲಿ ಅದು ಒಂದು ಬೈಟಿಗೆ, ಅಂದ್ರೆ ಒಂದು ಸಂಕೇತದ ಮೂರನೇ ಒಂದು ಭಾಗಕ್ಕೆ ಹೊಂದತ್ತೆ. ಮತ್ತೆ ಲೊಕೇಲ್ ಏನಿತ್ತು ಅಂತ ಬರೆಯದ ಬೆಂಚ್‌ಮಾರ್ಕ್ ಕನ್ನಡದವರಿಗೆ ಉಪಯೋಗಕ್ಕಿಲ್ಲ.

ಇಷ್ಟಾದ್ಮೇಲೂ ಒಂದು ವಿಚಿತ್ರ ಉಳಿಯತ್ತೆ. 2009ರಲ್ಲಿ ಟಾಡ್ ಮಿಟ್ಕೋವಿಚ್ ಅನ್ನೋ ಸಂಶೋಧಕರು ಮತ್ತು ಜೊತೆಗಾರರು ತೋರಿಸಿದ್ದು: ಪ್ರೋಗ್ರಾಮ್ ಒಂದು ಚೂರೂ ಬದಲಾಯಿಸದೇ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ (ಓಡೋ ಪ್ರೋಗ್ರಾಮಿಗೆ ಸಿಸ್ಟಂ ಕೊಡೋ ಹೆಸರು-ಬೆಲೆಗಳ ಪಟ್ಟಿ) ಒಟ್ಟು ಉದ್ದ ಬದಲಾಯಿಸಿದ್ರೆ ಸಾಕು, ಸ್ಪೀಡ್ ಬದಲಾಗಬಹುದು. ಆ ವೇರಿಯಬಲ್‌ಗಳು ಮೆಮೊರಿಯಲ್ಲಿ ಸ್ಟ್ಯಾಕಿನ (ಪ್ರೋಗ್ರಾಮು ತಾತ್ಕಾಲಿಕ ಡೇಟಾ ಇಡೋ ಜಾಗದ) ಹತ್ರ ಕೂರ್ತಾವೆ, ಅವು ಉದ್ದ ಆದ್ರೆ ಸ್ಟ್ಯಾಕ್ ಶುರುವಾಗೋ ವಿಳಾಸ ಜರುಗತ್ತೆ, ಡೇಟಾ ಸಿಪಿಯು ಒಳಗಿನ ಕ್ಯಾಶ್ ಮೆಮೊರಿಯ ತುಣುಕುಗಳಿಗೆ (ಕ್ಯಾಶ್ ಲೈನಿಗೆ) ಬೇರೆ ರೀತಿ ಹೊಂದ್ಕೊಳ್ಳತ್ತೆ. ಯೂಸರ್ ಹೆಸರೂ ಅದರಲ್ಲೇ ಇರೋದ್ರಿಂದ ರವಿ ಅನ್ನೋನಿಗೂ ವೆಂಕಟರಮಣಪ್ಪ ಅನ್ನೋರಿಗೂ ಬೇರೆ ಬೇರೆ ರಿಸಲ್ಟ್ ಬಂದ್ರೆ ಆಶ್ಚರ್ಯ ಇಲ್ಲ. ಕಂಪೈಲರ್‌ನ (ಕೋಡನ್ನ ಮೆಷಿನ್ ಭಾಷೆಗೆ ತಿರುಗಿಸೋ ಪ್ರೋಗ್ರಾಮಿನ) ಒಂದು ಆಪ್ಟಿಮೈಸೇಷನ್ ಲಾಭನಾ ನಷ್ಟನಾ ಅನ್ನೋ ತೀರ್ಮಾನನೇ ಇದರಿಂದ ತಿರುವುಮುರುವಾಗೋದನ್ನ ಅವರು ಕಂಡಿದ್ರು. ಇದಕ್ಕೆ ಮದ್ದು ಗಲಾಟೆ ಕಮ್ಮಿ ಮಾಡೋದಲ್ಲ, ಬೇಕಂತಲೇ ಸೆಟ್ಟಿಂಗ್ ಕಲಸಿ ಕಲಸಿ ಓಡಿಸೋದು, ಹಲವು ಜೋಡಣೆಯಲ್ಲೂ ಗೆಲ್ತಿದ್ರೆ ಆಗ ನಂಬೋದು.

ಕಲಸೋದು ಅಂದ್ರೆ ಸುಲಭದಿಂದ ಶುರು ಮಾಡಬಹುದು, ಕ್ರಮ ಬದಲಾಯಿಸಿ. ಹೈಪರ್‌ಫೈನ್‌ಗೆ ಎರಡು ಕಮಾಂಡ್ ಕೊಟ್ರೆ ಮೊದಲನೇದರ ಎಲ್ಲಾ ರನ್ ಮುಗಿಸಿ ಆಮೇಲೆ ಎರಡನೇದಕ್ಕೆ ಕೈ ಹಾಕತ್ತೆ, ಅಷ್ಟೊತ್ತಿಗೆ ಮೆಷಿನ್ ಕಾದಿರತ್ತೆ, ಎರಡನೇದಕ್ಕೆ ಅನ್ಯಾಯ. ಅದಲು ಬದಲು ಮಾಡಿ ಮತ್ತೆ ಓಡಿಸಿ ನೋಡಿ, ಪ್ರತಿ ಸಲವೂ ಮೊದಲು ಓಡಿದ್ದೇ ಗೆಲ್ತಿದ್ರೆ ಅನುಮಾನ ಪಡಿ, ಪ್ರಿಪೇರ್‌ನಲ್ಲಿ ಒಂದೆರಡು ಸೆಕೆಂಡಿನ ಸ್ಲೀಪ್ ಹಾಕಿದ್ರೆ ರನ್ ರನ್ನಿನ ಮಧ್ಯೆ ತಣಿಯೋಕೆ ಟೈಮ್ ಸಿಗತ್ತೆ. ರಿಸಲ್ಟನ್ನ ಜೇಸನ್ ಫೈಲಿಗೆ ಎಕ್ಸ್‌ಪೋರ್ಟ್ ಮಾಡ್ಕೊಳ್ಳಿ, ಅದರಲ್ಲಿ ಒಂದೊಂದು ರನ್ನಿನ ಟೈಮೂ ಬೇರೆ ಬೇರೆ ಇರತ್ತೆ, ಮೀಡಿಯನ್ ಸಿಗೋದೂ ಅಲ್ಲೇ.